ತಟ್ಟೆ ಹಿಡಿದು ನಿಲ್ಲುವ ಇಪ್ಪತ್ತು ನಿಮಿಷ: ಮನೆಯಿಂದ ಕೆಲಸ ಮಾಡುವವಳು ಕಂಡ ಬ್ರಾಹ್ಮಿನ್ಸ್ ಕಾಫಿ ಬಾರ್

ಬೆಂಗಳೂರಿನ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಬಗ್ಗೆ ಈಗಾಗಲೇ ಎಷ್ಟೋ ಜನ ಬರೆದಿದ್ದಾರೆ. ಇಡ್ಲಿ ಮೆತ್ತಗಿರುತ್ತದೆ, ಚಟ್ನಿಗೆ ಸಾಟಿ ಇಲ್ಲ, ಕಾಫಿ ಚೆನ್ನಾಗಿದೆ, ರಶ್ ಜಾಸ್ತಿ. ಎಲ್ಲಾ ನಿಜ. ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ವರ್ಷಗಟ್ಟಲೆ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ದುಡಿಯುವವರಿಗೆ ಈ ಹೋಟೆಲ್ ಏನು ಕೊಡುತ್ತದೆ ಅನ್ನುವುದನ್ನು ಹೇಳಬೇಕು ಅನಿಸಿದೆ. ಆದ್ದರಿಂದ ಇಡ್ಲಿಯ ಮಾತು ಸ್ವಲ್ಪ ತಡವಾಗಿ ಬರುತ್ತದೆ, ಕಾಯಬೇಕು.

ನಾನಿರುವುದು ಹನುಮಂತನಗರದಲ್ಲಿ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. 2020ರ ಮಾರ್ಚ್ ಮಧ್ಯದಲ್ಲಿ "ಎರಡು ವಾರ ಮನೆಯಿಂದ ಕೆಲಸ ಮಾಡಿ" ಅಂದರು. ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಎಲೆಕ್ಟ್ರಾನಿಕ್ ಸಿಟಿಯಿಂದ ಬಂದೆ. ಡೆಸ್ಕ್ ಮೇಲೆ ನನ್ನ ಸ್ಟೀಲ್ ಲೋಟ, ಒಂದು ಮನಿ ಪ್ಲಾಂಟ್, ಕುರ್ಚಿಗೆ ಹಾಕಿದ್ದ ಸ್ವೆಟರ್ ಹಾಗೇ ಬಿಟ್ಟೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ ಆಯಿತು. ಆಮೇಲೆ ಕಂಪನಿಯವರು ಆ ಮಹಡಿಯನ್ನೇ ಖಾಲಿ ಮಾಡಿದರು. ಲೋಟ ಎಲ್ಲಿ ಹೋಯಿತೋ ಗೊತ್ತಿಲ್ಲ. ನಡುವೆ ಕೆಲಸ ಬದಲಿಸಿದೆ. ಹೊಸ ಕಂಪನಿಗೆ ಬೆಂಗಳೂರಿನಲ್ಲಿ ಆಫೀಸೇ ಇಲ್ಲ, ಟೀಮಿನಲ್ಲಿ ಹನ್ನೊಂದು ಜನ, ಒಬ್ಬೊಬ್ಬರು ಒಂದೊಂದು ಊರಿನಲ್ಲಿ.

ಮೊದಲ ವರ್ಷ ಖುಷಿಯಾಗಿದ್ದೆ, ಅದನ್ನೂ ಹೇಳಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಬೇಕಾಗಿರಲಿಲ್ಲ. ದಿನಕ್ಕೆ ಮೂರು ಗಂಟೆ ಉಳಿಯುತ್ತಿತ್ತು. ಮಗಳಿಗೆ ಬಿಸಿ ಊಟ ಹಾಕುತ್ತಿದ್ದೆ. ಮನೆಯಿಂದ ಕೆಲಸ ಬೇಡವೇ ಬೇಡ ಅಂತ ನಾನು ಇವತ್ತಿಗೂ ಹೇಳುವುದಿಲ್ಲ, ಅತ್ತೆಯವರ ಮಂಡಿ ಆಪರೇಷನ್ ಆದಾಗ ನಾನು ಮನೆಯಲ್ಲಿ ಇರದಿದ್ದರೆ ಏನಾಗುತ್ತಿತ್ತೋ.

ಬೇಜಾರು ಬಂದಿದ್ದು ನಿಧಾನವಾಗಿ. ಅದಕ್ಕೆ ಒಂದು ತಾರೀಕು ಅಂತ ಇಲ್ಲ.

ಮಾತು ಇತ್ತು, ಮಾತಿಗೇನೂ ಕಡಿಮೆ ಇರಲಿಲ್ಲ. ದಿನಕ್ಕೆ ಐದು ಮೀಟಿಂಗ್. ಆದರೆ ಎಲ್ಲಾ ಮಾತಿಗೂ ಒಂದು ಕೆಲಸ ಅಂಟಿಕೊಂಡಿತ್ತು. "ಕೇಳಿಸ್ತಿದೆಯಾ, ಸ್ಕ್ರೀನ್ ಕಾಣ್ತಿದೆಯಾ" ಅಂತ ಶುರು, "ಸರಿ, ಮುಂದಿನ ವಾರ ನೋಡೋಣ" ಅಂತ ಮುಗಿತಾಯ. ಆಫೀಸಿನಲ್ಲಿ ನಾವು ನೀರು ತುಂಬಿಸಿಕೊಳ್ಳುವಾಗ, ಲಿಫ್ಟ್‌ಗೆ ಕಾಯುವಾಗ, ಡಬ್ಬಿ ಬಿಚ್ಚುವಾಗ ಆಡುತ್ತಿದ್ದೆವಲ್ಲ, "ಇವತ್ತೇನು ಪಲ್ಯ", "ಸೀರೆ ಹೊಸದಾ", ಅದು ಮಾತು ಅಂತಲೇ ಆಗ ನನಗೆ ಅನಿಸಿರಲಿಲ್ಲ. ಅದು ನಿಂತ ಮೇಲೆ ಗೊತ್ತಾಯಿತು.

ಮುಖ ಕಾಣದಿದ್ದರೆ ಮನಸ್ಸು ಏನೇನೋ ಕಲ್ಪಿಸಿಕೊಳ್ಳುತ್ತದೆ. ಮ್ಯಾನೇಜರ್ "ಫ್ರೀ ಇದ್ದಾಗ ಕಾಲ್ ಮಾಡಿ" ಅಂತ ಒಂದು ಸಾಲು ಕಳಿಸಿದರೆ ಎದೆ ಢವಢವ. ಆಫೀಸಿನಲ್ಲಾಗಿದ್ದರೆ ಅವರು ನಡೆದು ಬರುವ ರೀತಿಯಲ್ಲೇ ವಿಷಯ ಸಣ್ಣದೋ ದೊಡ್ಡದೋ ತಿಳಿಯುತ್ತಿತ್ತು. ಈಗ ಉತ್ತರ ತಡವಾದರೆ ಸಿಟ್ಟಾಗಿದ್ದಾರೆ ಅಂದುಕೊಳ್ಳುತ್ತೇನೆ. ಎರಡು ವರ್ಷ ದಿನಾ ಮಾತಾಡಿದ ಹುಡುಗಿಯೊಬ್ಬಳ ಹೆಸರಿನ ಪಕ್ಕದ ಹಸಿರು ಚುಕ್ಕೆ ಒಂದು ಮಂಗಳವಾರ ಬೂದು ಆಯಿತು, ಮತ್ತೆ ಹಸಿರಾಗಲೇ ಇಲ್ಲ. ಕೆಲಸದಿಂದ ತೆಗೆದಿದ್ದರು. ಕೇಕ್ ಇಲ್ಲ, ಕಾರ್ಡ್ ಇಲ್ಲ, ಲಿಫ್ಟ್ ತನಕ ಹೋಗಿ ಬೀಳ್ಕೊಡುವುದೂ ಇಲ್ಲ. ಅವಳ ಲ್ಯಾಪ್‌ಟಾಪನ್ನು ಕೊರಿಯರ್ ಹುಡುಗ ಬಂದು ತೆಗೆದುಕೊಂಡು ಹೋದನಂತೆ, ಅಷ್ಟೇ.

ಇನ್ನೊಂದು ವಿಷಯ ಹೇಳಲು ಇವತ್ತಿಗೂ ಕಷ್ಟ. ಟೀಮಿನಲ್ಲಿ ಹುಬ್ಬಳ್ಳಿಯವರೊಬ್ಬರು ಇದ್ದಾರೆ. ಅವರ ತಂದೆ ತೀರಿಹೋಗಿದ್ದರು. ಅವರು ನಾಲ್ಕು ದಿನ ರಜೆ ಹಾಕಿ, ಐದನೇ ದಿನ ಕೆಲಸಕ್ಕೆ ಕೂತಿದ್ದರು. ರಜೆಗೆ "ಮನೆ ಕೆಲಸ" ಅಂತ ಕಾರಣ ಬರೆದಿದ್ದರು. ಆ ವಾರ ನಾನು ಅವರಿಗೆ ಮೂರು ಸಲ ಮೆಸೇಜ್ ಹಾಕಿದ್ದೆ, ಟೆಸ್ಟ್ ರಿಪೋರ್ಟ್ ಯಾವಾಗ ಕೊಡುತ್ತೀರಿ ಅಂತ. ಮೂರು ವಾರ ಆದ ಮೇಲೆ ಬೇರೆ ಯಾರಿಂದಲೋ ಸುದ್ದಿ ತಿಳಿಯಿತು. ಪಕ್ಕದ ಕುರ್ಚಿಯಲ್ಲಿ ಇದ್ದಿದ್ದರೆ ಮುಖ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮನೆಯೊಳಗಿನ ಕಷ್ಟ ಬೇರೆ. ನನ್ನ ಮೇಜು ದೇವರ ಮನೆಯ ಪಕ್ಕದಲ್ಲಿ. "ಮನೇಲೇ ಇದ್ದೀಯಲ್ಲಮ್ಮಾ, ಗ್ಯಾಸ್ ಬಂದ್ರೆ ಸ್ವಲ್ಪ ತಗೋ" ಅಂತ ಅತ್ತೆ ಹೇಳುತ್ತಾರೆ, ಅದರಲ್ಲಿ ಕೆಟ್ಟ ಮನಸ್ಸಿಲ್ಲ. ಬಾಗಿಲು ಹಾಕಿಕೊಂಡರೆ ಮನೆಯವರಿಗೆ ಬೇಜಾರು, ತೆಗೆದಿಟ್ಟರೆ ಮೀಟಿಂಗಿನಲ್ಲಿ ಕುಕ್ಕರ್ ಕೂಗು. ಕೆಲಸದ ಸಿಟ್ಟನ್ನು ಮೊದಲು ಬಸ್ಸಿನಲ್ಲೇ ಬಿಟ್ಟು ಬರುತ್ತಿದ್ದೆ. ಕಿಟಕಿ ಪಕ್ಕ ಕೂತು ಬನಶಂಕರಿ ಬರುವಷ್ಟರಲ್ಲಿ ತಣ್ಣಗಾಗುತ್ತಿತ್ತು. ಈಗ ಲ್ಯಾಪ್‌ಟಾಪ್ ಮುಚ್ಚಿ ಎಂಟು ಹೆಜ್ಜೆ ಇಟ್ಟರೆ ಅಡುಗೆ ಮನೆ, ಸಿಟ್ಟು ನೇರವಾಗಿ ಮಗಳ ಮೇಲೆ.

ಅವಳೇ ಒಂದು ಸಂಜೆ ಹೇಳಿದಳು: "ಅಮ್ಮ, ನಿನ್ನ ಚಪ್ಪಲಿ ಮೇಲೆ ಧೂಳು ಕೂತಿದೆ."

ಹೋಗಿ ನೋಡಿದೆ. ನಿಜವಾಗಲೂ ಕೂತಿತ್ತು. ಬೆರಳಿಟ್ಟು ಎಳೆದರೆ ಗೆರೆ ಮೂಡುವಷ್ಟು.

ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದು ಸುಮ್ನೆ ನಡೆದೆ. ಎಲ್ಲಿಗೆ ಅಂತ ಇರಲಿಲ್ಲ. ರಾಮಕೃಷ್ಣ ಆಶ್ರಮದ ಸರ್ಕಲ್ ದಾಟಿ, ಶಂಕರ ಮಠದ ಕಡೆ ತಿರುಗಿದರೆ ರಸ್ತೆ ಬದಿಯಲ್ಲಿ ಜನ ತಟ್ಟೆ ಹಿಡಿದು ನಿಂತಿದ್ದರು. ಅಲ್ಲಿಗೆ ಹೋಗಿ ಸೇರಿಕೊಂಡೆ.

ಹೋಟೆಲ್ ಬಗ್ಗೆ ಗೊತ್ತಿಲ್ಲದವರಿಗಾಗಿ: ಇದು ಶುರುವಾಗಿದ್ದು 1965ರಲ್ಲಿ. ದರ್ಶಿನಿಗಳು ಬೆಂಗಳೂರಿಗೆ ಬಂದಿದ್ದು 1980ರ ದಶಕದಲ್ಲಿ, ಅದಕ್ಕೂ ಮುಂಚಿನದು. ಅಂಗಡಿ ಸಣ್ಣದು. ಇಡ್ಲಿ, ಉದ್ದಿನ ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಹೆಚ್ಚು ಕಡಿಮೆ ಇಷ್ಟೇ. ದೋಸೆ ಸಿಗುವುದಿಲ್ಲ. ಸಾಂಬಾರ್ ಕೂಡ ಇಲ್ಲ, ಚಟ್ನಿ ಮಾತ್ರ, ಮತ್ತೆ ಬೇಕು ಅಂದರೆ ಮತ್ತೆ ಹಾಕುತ್ತಾರೆ. ಇಡ್ಲಿ ಬಿಸಿಯಾಗಿ ಬರುತ್ತದೆ, ಕೈಯಲ್ಲಿ ಮುರಿದರೆ ಹಬೆ. ಚಟ್ನಿ ತೆಳ್ಳಗಿದೆ, ಖಾರ ನಾಲಿಗೆಗೆ ತಕ್ಷಣ ತಿಳಿಯುವುದಿಲ್ಲ, ಎರಡನೇ ಇಡ್ಲಿಗೆ ತಿಳಿಯುತ್ತದೆ. ವಡೆಯನ್ನು ನಾನು ಚಟ್ನಿಯಲ್ಲಿ ಮುಳುಗಿಸಿ ಎರಡು ನಿಮಿಷ ಬಿಡುತ್ತೇನೆ, ಗರಿಗರಿ ಬೇಕು ಅನ್ನುವವರು ಹಾಗೆ ಮಾಡಬಾರದು. ಖಾರಾಬಾತಿಗೂ ಅದೇ ಚಟ್ನಿ. ಕೇಸರಿಬಾತ್ ನನಗೆ ಸ್ವಲ್ಪ ಸಿಹಿ ಜಾಸ್ತಿ, ಮಗಳಿಗೆ ಸರಿಯಾಗಿದೆ.

ಕೂರಲು ಕುರ್ಚಿ ಮೇಜು ಹಾಕಿಲ್ಲ. ನಿಂತೇ ತಿನ್ನಬೇಕು. ನಾನು ಈ ಹೋಟೆಲನ್ನು ಇಷ್ಟೊಂದು ಹಚ್ಚಿಕೊಳ್ಳಲು ಅದೇ ಕಾರಣ.

ನೋಡಿ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಚಟ್ನಿಯಲ್ಲಿ. ಫೋನ್ ಮುಟ್ಟಲು ಆಗುವುದಿಲ್ಲ. ಹಾಗಾದಾಗ ಕಣ್ಣು ಎಲ್ಲಿಗೆ ಹೋಗಬೇಕು? ಎದುರಿಗಿರುವ ಮನುಷ್ಯರ ಕಡೆ. ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಕಾಫಿ ಕುಡಿಯುವ ಅಜ್ಜಿ. ಪಂಚೆ ಉಟ್ಟ, ಸ್ವೆಟರ್ ಹಾಕಿದ ತಾತ, ಮಡಚಿದ ಪೇಪರ್ ಕಂಕುಳಲ್ಲಿ. ಕಾಲೇಜು ಹುಡುಗರು. ಆಟೋದವರು. ಜಾಗ ಇಕ್ಕಟ್ಟು, ಆದ್ದರಿಂದ "ಸ್ವಲ್ಪ ಜರುಗಿ", "ಲೋಟ ಇಲ್ಲಿ ಇಡ್ಲಾ" ಅಂತ ಮಾತಾಡಲೇಬೇಕು. ಆ ಮಾತಿನ ಹಿಂದೆ ಯಾವ ಕೆಲಸವೂ ಇಲ್ಲ. ಯಾರೂ ನನ್ನಿಂದ ರಿಪೋರ್ಟ್ ಕೇಳುವುದಿಲ್ಲ. ಮೊದಲ ದಿನ ತಾತ ಕೇಳಿದ್ದು ಇಷ್ಟೇ: "ಏನಮ್ಮಾ, ಚಟ್ನಿ ಮತ್ತೆ ಹಾಕಿಸ್ಕೊಳ್ಳಲ್ವಾ?"

ನನ್ನ ಮುಖ ನನಗೆ ಕಾಣಿಸುವುದಿಲ್ಲ ಅನ್ನುವುದೂ ಒಂದು ನೆಮ್ಮದಿ. ವಿಡಿಯೊ ಮೀಟಿಂಗಿನಲ್ಲಿ ದಿನವಿಡೀ ಕನ್ನಡಿ ನೋಡಿಕೊಂಡು ಮಾತಾಡಿದ ಹಾಗೆ ಆಗುತ್ತದೆ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್‌ಸನ್ ಅವರು 2021ರಲ್ಲಿ ವಿಡಿಯೊ ಕರೆಗಳ ಸುಸ್ತಿಗೆ ಕೊಟ್ಟ ನಾಲ್ಕು ಕಾರಣಗಳಲ್ಲಿ ಅದೂ ಒಂದು. ಹತ್ತಾರು ಕಣ್ಣು ಒಟ್ಟಿಗೆ ನಮ್ಮನ್ನೇ ನೋಡುವುದು, ನಮ್ಮ ಮುಖ ನಾವೇ ನೋಡಿಕೊಳ್ಳುವುದು, ಅಲುಗಾಡದೆ ಕೂರುವುದು, ಎದುರಿನವರ ಸನ್ನೆ ಸರಿಯಾಗಿ ಕಾಣದೆ ತಲೆ ಜಾಸ್ತಿ ದುಡಿಯುವುದು. ಈ ಹೋಟೆಲಿನಲ್ಲಿ ನಾಲ್ಕೂ ಇಲ್ಲ.

ಎರಡು ತಿಂಗಳು ಬಿಡದೆ ಹೋದೆ. ಆಮೇಲೆ ಜ್ವರ ಬಂತು, ಎಂಟು ದಿನ ಮಲಗಿದ್ದೆ. ಒಂಬತ್ತನೇ ದಿನ ಹೋದಾಗ ತಟ್ಟೆ ಕೊಡುವವರು ನನ್ನನ್ನು ನೋಡಿ, "ಏನ್ ಮೇಡಂ, ಒಂದು ವಾರ ಕಾಣ್ಲೇ ಇಲ್ಲ, ಊರಿಗೆ ಹೋಗಿದ್ರಾ?" ಅಂದರು.

ಅವರಿಗೆ ನನ್ನ ಹೆಸರು ಗೊತ್ತಿಲ್ಲ. ನಾನು ಇಲ್ಲದೇ ಇದ್ದಿದ್ದು ಗೊತ್ತಾಗಿದೆ. ಆ ಎಂಟು ದಿನದಲ್ಲಿ ಟೀಮಿನಿಂದ ಬಂದ ಮೆಸೇಜ್‌ಗಳೆಲ್ಲಾ ಕೆಲಸ ಯಾರಿಗೆ ವಹಿಸಬೇಕು ಅನ್ನುವುದರ ಬಗ್ಗೆಯೇ ಇದ್ದವು. ಅವರ ತಪ್ಪೂ ಅಲ್ಲ, ನಾನು ಹುಬ್ಬಳ್ಳಿಯವರಿಗೆ ಮಾಡಿದ್ದೂ ಅದೇ ಅಲ್ವಾ. ತಟ್ಟೆ ಹಿಡಿದು ರಸ್ತೆ ಕಡೆ ತಿರುಗಿ ನಿಂತೆ, ಕಣ್ಣು ತುಂಬಿತ್ತು.

ಇದೆಲ್ಲಾ ನನ್ನೊಬ್ಬಳ ಅನುಭವವೋ ಏನೋ ಅಂತ ಅನುಮಾನ ಇತ್ತು. ಹುಡುಕಿ ಓದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಕಾಫಿ ಅಂಗಡಿಯಲ್ಲೇ ಒಂದು ಪ್ರಯೋಗ ಮಾಡಿದ್ದಾರೆ, ಪ್ರಕಟವಾಗಿದ್ದು 2014ರಲ್ಲಿ. ಕಾಫಿ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಬೇಗ ಮುಗಿಸಿ ಬನ್ನಿ ಅಂದರು. ಇನ್ನು ಕೆಲವರಿಗೆ ಕಾಫಿ ಕೊಡುವವರ ಮುಖ ನೋಡಿ, ನಕ್ಕು, ಎರಡು ಮಾತಾಡಿ ಬನ್ನಿ ಅಂದರು. ಮಾತಾಡಿ ಬಂದವರ ಮನಸ್ಸು ಜಾಸ್ತಿ ಹಗುರವಾಗಿತ್ತು, ನಾವೂ ಈ ಜನರೊಳಗೆ ಒಬ್ಬರು ಅನ್ನುವ ಭಾವನೆಯೂ ಜಾಸ್ತಿ ಇತ್ತು. ಸ್ಯಾಂಡ್‌ಸ್ಟ್ರಾಮ್ ಅವರಿಗೆ ಈ ವಿಷಯ ಹಿಡಿಸಿದ್ದೇ ಟೊರಾಂಟೊದಲ್ಲಿ ಓದುವಾಗ ದಾರಿಯಲ್ಲಿದ್ದ ಹಾಟ್‌ಡಾಗ್ ಗಾಡಿಯ ಹೆಂಗಸಿನಿಂದ. ದಿನಾ ಅವರನ್ನು ನೋಡಿ ಕೈ ಬೀಸುವುದು, ನಗುವುದು, ಅಷ್ಟೇ. ಅದನ್ನು ಓದಿದಾಗ ನನಗೆ ನಮ್ಮ ತಟ್ಟೆ ಕೊಡುವವರೇ ಕಂಡರು.

ಚೀನಾದ ಇನ್ನೊಂದು ಅಧ್ಯಯನ, ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರದು. ಶಾಂಘೈನ ಸಿಟ್ರಿಪ್ ಅನ್ನುವ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ, ಮನೆಯಿಂದ ಕೆಲಸ ಮಾಡುತ್ತೇವೆ ಅಂತ ತಾವೇ ಮುಂದೆ ಬಂದವರಲ್ಲಿ ಒಂದಷ್ಟು ಜನರನ್ನು ಒಂಬತ್ತು ತಿಂಗಳು ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಕೂರಿಸಿದರು. ಕೆಲಸ ಶೇ. 13ರಷ್ಟು ಹೆಚ್ಚಾಯಿತು. ಆದರೆ ಮುಗಿದ ಮೇಲೆ ನಿಮಗೆ ಏನು ಬೇಕೋ ಆರಿಸಿಕೊಳ್ಳಿ ಅಂದಾಗ ಸುಮಾರು ಅರ್ಧ ಜನ ಆಫೀಸಿಗೇ ವಾಪಸ್ ಬಂದರು. ಒಂಟಿತನ ಅದಕ್ಕೆ ದೊಡ್ಡ ಕಾರಣ. ಇದು ಪ್ರಕಟವಾಗಿದ್ದು 2015ರಲ್ಲಿ, ಕೋವಿಡ್‌ಗೆ ಐದು ವರ್ಷ ಮುಂಚೆ. ಅಂದರೆ ಕೆಲಸ ಚೆನ್ನಾಗಿ ಆಗುತ್ತಿರುತ್ತದೆ, ಕೆಲಸ ಮಾಡುವ ಮನುಷ್ಯ ಒಳಗೊಳಗೇ ಸೊರಗುತ್ತಿರುತ್ತಾನೆ. ಎರಡೂ ಒಟ್ಟಿಗೆ ನಡೆಯಬಹುದು. ಚಪ್ಪಲಿ ಮೇಲೆ ಧೂಳು ಕೂತಿದ್ದ ವರ್ಷ ನನ್ನ ಅಪ್ರೈಸಲ್ ತುಂಬಾ ಚೆನ್ನಾಗಿತ್ತು, ಆದ್ದರಿಂದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಬೇರೆ ಜಾಗಗಳನ್ನೂ ನೋಡಿದ್ದೇನೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಜಯನಗರದಲ್ಲಿ ಒಂದು ಕೆಫೆಗೆ ಮೂರು ತಿಂಗಳು ಹೋದೆ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಎಲ್ಲರ ಮುಂದೂ ಲ್ಯಾಪ್‌ಟಾಪ್. ಮನೆಯಲ್ಲಿ ಒಬ್ಬಳೇ ಕೂತಿದ್ದವಳು ಅಲ್ಲಿ ಇಪ್ಪತ್ತು ಜನರ ನಡುವೆ ಒಬ್ಬಳೇ ಕೂತೆ. ಆಮೇಲೆ ಒಂದು ಕೋ-ವರ್ಕಿಂಗ್ ಜಾಗಕ್ಕೆ ತಿಂಗಳ ದುಡ್ಡು ಕಟ್ಟಿದೆ. ನೆಟ್ ಚೆನ್ನಾಗಿತ್ತು, ಕುರ್ಚಿ ಚೆನ್ನಾಗಿತ್ತು, ಬೆನ್ನು ನೋವು ಕಡಿಮೆಯಾಯಿತು. ಪಕ್ಕದಲ್ಲಿ ಕೂತವರು ಪ್ರತಿ ವಾರ ಬೇರೆ ಬೇರೆ. ಮನೆಯಲ್ಲಿ ಜಾಗ ಇಲ್ಲದವರಿಗೆ ಅದು ಬೇಕೇ ಬೇಕು. ನನಗೆ ಬೇಕಾಗಿದ್ದು ಕೂರುವ ಜಾಗ ಅಲ್ಲ.

ಹುಬ್ಬಳ್ಳಿಯವರ ಮಾತು ಮುಗಿಸುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ ಅವರು ಯಾವುದೋ ಮದುವೆಗೆ ಬೆಂಗಳೂರಿಗೆ ಬಂದಿದ್ದರು. ಬೆಳಿಗ್ಗೆ ಇಲ್ಲಿಗೇ ಬನ್ನಿ ಅಂದೆ. ಮೂರು ವರ್ಷ ಬರೀ ಧ್ವನಿ ಕೇಳಿದ್ದ ಮನುಷ್ಯ ರಸ್ತೆ ದಾಟಿ ನಡೆದು ಬರುವುದನ್ನು ನೋಡಿದಾಗ ಒಂಥರಾ ಆಯಿತು. ನಾನಂದುಕೊಂಡದ್ದಕ್ಕಿಂತ ಎತ್ತರ ಇದ್ದರು, ಸ್ವಲ್ಪ ಕುಂಟುತ್ತಿದ್ದರು, ಅದೂ ನನಗೆ ಗೊತ್ತಿರಲಿಲ್ಲ. "ಏನ್ರೀ ಮೇಡಂ, ಇಷ್ಟ್ ಸಣ್ಣವ್ರದೀರಿ? ದನಿ ಕೇಳಿದ್ರ ಭಾಳ ದೊಡ್ಡವ್ರು ಅನಸ್ತಿತ್ತು" ಅಂದರು. ಇಡ್ಲಿ ತಗೊಂಡೆವು. ಏನೇನೋ ಮಾತಾಡಿದೆವು, ಟ್ರೈನ್ ತಡ ಆಗಿದ್ದು, ಚಳಿ, ಚಟ್ನಿ. ಎರಡನೇ ಸಲ ಚಟ್ನಿ ಹಾಕಿಸಿಕೊಂಡು ಬಂದ ಮೇಲೆ ನಾನು ಹೇಳಿದೆ, "ಅಪ್ಪಾಜಿ ಹೋದಾಗ ನಾನು ನಿಮಗೆ ಮೆಸೇಜ್ ಮೇಲೆ ಮೆಸೇಜ್ ಹಾಕ್ತಿದ್ದೆ, ನನಗೆ ಗೊತ್ತಿರ್ಲಿಲ್ಲ, ತಪ್ಪಾಯ್ತು" ಅಂತ. ಅವರು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡುತ್ತಾ ನಿಂತರು. ಆಮೇಲೆ, "ಇರ್ಲಿ ಬಿಡ್ರಿ. ಖರೇ ಹೇಳ್ಬೇಕಂದ್ರ, ಆ ವಾರ ಅದೊಂದು ಕೆಲಸ ಇತ್ತಂತ ಕೂತೆ" ಅಂದರು. ಆಮೇಲೆ ಅವರ ತಂದೆಯ ಬಟ್ಟೆ ಅಂಗಡಿ ಬಗ್ಗೆ ಹೇಳಿದರು, ಧಾರವಾಡದಲ್ಲಿ, ಅಳತೆ ಕೋಲಿನ ತುದಿ ಸವೆದು ಹೋಗಿತ್ತಂತೆ, ಆದರೂ ಅಪ್ಪ ಅದನ್ನು ಬದಲಿಸಲಿಲ್ಲವಂತೆ, ಸವೆದಷ್ಟು ಬಟ್ಟೆಯನ್ನು ಲೆಕ್ಕ ಹಾಕಿ ಗಿರಾಕಿಗೆ ಜಾಸ್ತಿಯೇ ಕೊಡುತ್ತಿದ್ದರಂತೆ. ಒಂದು ಗಂಟೆ ನಿಂತಿದ್ದೆವು. ಅವರ ಕಾಲು ನೋಯುತ್ತಿದೆ ಅಂತ ಗೊತ್ತಾದ ಮೇಲೆ ಹೊರಟೆವು. ಇದನ್ನು ಯಾವ ಕಾಲ್‌ನಲ್ಲಿ ಮಾತಾಡಬಹುದಿತ್ತು, ನನಗಂತೂ ತೋಚುವುದಿಲ್ಲ.

ಈ ಹೋಟೆಲಿನಿಂದ ಆಗದೇ ಇರುವುದೂ ಇದೆ. ಚಪ್ಪಲಿ ಹಾಕಿಕೊಂಡು ಬಾಗಿಲು ದಾಟುವುದೇ ಆಗದಷ್ಟು ಮನಸ್ಸು ಕುಸಿದವರಿಗೆ ಇಡ್ಲಿ ತಿಂದು ಬನ್ನಿ ಅಂತ ಹೇಳುವುದು ಸರಿಯಲ್ಲ. ಅಂಥ ರಾತ್ರಿ ನನಗೂ ಒಂದು ಬಂದಿತ್ತು. ಆಗ ನಾನು 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಜೊತೆ ಮಾತಾಡಿದವರು ಅವಸರ ಮಾಡಲಿಲ್ಲ. "ಎಷ್ಟು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ?" ಅಂತ ಕೇಳಿದರು, ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಿದ್ದೆ ಹೋಗಿದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದೆ ಅನ್ನುವವರು ಮೊದಲು ಆ ನಂಬರಿಗೆ ಮಾಡಿ. ಹೋಟೆಲ್ ಎಲ್ಲೂ ಹೋಗುವುದಿಲ್ಲ.

ಇನ್ನು ಹೋಗುವವರಿಗೆ ಕೆಲವು ಮಾತು. ಭಾನುವಾರ ರಜೆ. ಮಧ್ಯಾಹ್ನವೂ ಮುಚ್ಚಿರುತ್ತದೆ, ಬೆಳಿಗ್ಗೆ ಅಥವಾ ಸಂಜೆ ಹೋಗಿ. ಮೆಟ್ರೋದಲ್ಲಿ ಬರುವವರು ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಕಾರು ತರಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಬೇಜಾರಾಗುತ್ತದೆ. ನಿಲ್ಲಲು ಆಗದ ಹಿರಿಯರಿಗೆ ಈ ಜಾಗ ಕಷ್ಟ, ಅತ್ತೆಯವರಿಗೆ ನಾನು ಕಟ್ಟಿಸಿಕೊಂಡೇ ಬರುತ್ತೇನೆ. ಶನಿವಾರ ಬೆಳಿಗ್ಗೆ ಜನ ಜಾಸ್ತಿ, ಮಾತಾಡಲು ಬಿಡುವು ಇರುವುದಿಲ್ಲ. ವೈಟ್‌ಫೀಲ್ಡ್, ಯಲಹಂಕ ಕಡೆಯವರು ಇಷ್ಟು ದೂರ ಬರಬೇಕಿಲ್ಲ, ನಿಮ್ಮ ಬೀದಿಯ ತುದಿಯಲ್ಲೇ ಒಂದು ದರ್ಶಿನಿ ಇರುತ್ತದೆ. ಇಡ್ಲಿ ಇಷ್ಟು ಚೆನ್ನಾಗಿರದೇ ಇರಬಹುದು. ಆದರೆ ದಿನಾ ಒಂದೇ ಹೊತ್ತಿಗೆ ಹೋಗಿ, ಕಿವಿಗೆ ಏನೂ ಹಾಕಿಕೊಳ್ಳಬೇಡಿ, ಕಟ್ಟಿಸಿಕೊಂಡು ಬರಬೇಡಿ, ಅಲ್ಲೇ ನಿಂತು ತಿನ್ನಿ. ಮೊದಲ ಎರಡು ವಾರ ಏನೂ ಆಗುವುದಿಲ್ಲ. ಮೂರನೇ ವಾರ ಯಾರಾದರೂ ತಲೆ ಆಡಿಸುತ್ತಾರೆ.

ನಾನು ವಾರದ ದಿನಗಳಲ್ಲಿ ಬೆಳಿಗ್ಗೆ ಏಳೂವರೆಗೆ ಅಲ್ಲಿರುತ್ತೇನೆ, ಎರಡು ಇಡ್ಲಿ, ಒಂದು ವಡೆ, ಆಮೇಲೆ ಕಾಫಿ. ಹತ್ತಿರದಲ್ಲೇ ಪೇಪರ್ ಕಂಕುಳಲ್ಲಿ ಇಟ್ಟುಕೊಂಡ ತಾತ ನಿಂತಿರುತ್ತಾರೆ. ಇಬ್ಬರನ್ನೂ ಮಾತಾಡಿಸಿ.